‘ಒಳ್ಳೇ ಕನ್ನಡ ಸಿನಿಮಾ ಹೇಳು’ ಅಂದ್ರೆ ಯಾವುದು ಹೇಳ್ತೀರಿ?

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಕೆಲಸ ಮಾಡ್ತಿರಿ, ಊಟದ ಹೊತ್ತಲ್ಲಿ ಟೀಮಿನವರು ಯಾರಾದ್ರೂ ಕೇಳೇ ಕೇಳ್ತಾರೆ: ‘ಕೆಜಿಎಫ್ ಆಯ್ತು, ಕಾಂತಾರ ಆಯ್ತು. ನಿಮ್ಮ ಭಾಷೇಲಿ ಇನ್ನೇನು ನೋಡಬಹುದು?’ ನಾವು ಖುಷಿಯಲ್ಲಿ ಇಪ್ಪತ್ತು ಹೆಸರು ವಾಟ್ಸಾಪ್ ಮಾಡ್ತೀವಿ. ಅವರು ಒಂದನ್ನೂ ನೋಡಲ್ಲ.

ಬೇರೆ ಭಾಷೆಯವರು ನಮಗೆ ಕೊಡೋದು ಒಂದು ಶನಿವಾರದ ರಾತ್ರಿ. ಅದು ಹಿಡಿಸದಿದ್ರೆ ಮತ್ತೆ ಕೇಳಲ್ಲ. ಅದಕ್ಕೇ ಉದ್ದ ಪಟ್ಟಿ ಬೇಡ. ಅವರಿಗೆ ಎಲ್ಲೋ ಪರಿಚಯದ ಎಳೆ ಸಿಗುವಂಥ ಒಂದೇ ಒಂದು ಸಿನಿಮಾ ಹೇಳಿ. ನನ್ನ ಮೆಚ್ಚಿನವುಗಳಲ್ಲಿ ಹಾಗೆ ಆರಿಸಿದ ಐದು ಇಲ್ಲಿವೆ.

ಚೆನ್ನೈ ಗೆಳೆಯರಿಗೆ ‘ಪಲ್ಲವಿ ಅನುಪಲ್ಲವಿ’ (1983). ಮಣಿರತ್ನಂ ಅವರ ಮೊದಲ ಸಿನಿಮಾ ತಮಿಳಲ್ಲ, ಕನ್ನಡ. ಸಂಗೀತ ಇಳಯರಾಜ, ಕ್ಯಾಮೆರಾ ಬಾಲು ಮಹೇಂದ್ರ, ನಾಯಕ ಅನಿಲ್ ಕಪೂರ್. ಇದರ ಟ್ಯೂನನ್ನು ಅವರು ಐಡಿಯಾ ಮೊಬೈಲ್ ಜಾಹೀರಾತಿನಲ್ಲಿ ಆಗಲೇ ಕೇಳಿರ್ತಾರೆ.

ಹೈದರಾಬಾದಿನವರಿಗೆ ‘ಬೆಳದಿಂಗಳ ಬಾಲೆ’ (1995). ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ, ನಿರ್ದೇಶನ ಸುನೀಲ್ ಕುಮಾರ್ ದೇಸಾಯಿ. ಚೆಸ್ ಆಟಗಾರ ಅನಂತನಾಗ್‌ಗೆ ಒಬ್ಬ ಹುಡುಗಿ ಫೋನಲ್ಲಿ ಒಗಟು ಹಾಕ್ತಾಳೆ. ಅವಳ ಮುಖ ನಮಗೆ ಕಾಣೋದೇ ಇಲ್ಲ. ಬರೀ ದನಿ. ಅಷ್ಟರಲ್ಲೇ ಸಿನಿಮಾ ನಿಲ್ಲುತ್ತೆ.

ಮುಂಬೈ, ಪುಣೆಯವರಿಗೆ ‘ಒಂದಾನೊಂದು ಕಾಲದಲ್ಲಿ’ (1978). ನಿರ್ದೇಶಕ ಗಿರೀಶ್ ಕಾರ್ನಾಡ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಮುಖ್ಯಸ್ಥರಾಗಿದ್ದವರು. ಮುಂಬೈನಲ್ಲಿ ಮರಾಠಿ ನಾಟಕ ಮಾಡ್ತಿದ್ದ ಶಂಕರ್‌ನಾಗ್‌ಗೆ ಇದು ಮೊದಲ ಕನ್ನಡ ಸಿನಿಮಾ. ಕೂಲಿಗೆ ಯುದ್ಧ ಮಾಡುವ ಇಬ್ಬರು ವೀರರ ಕಥೆ. ಕುರೊಸಾವಾ ಸಿನಿಮಾ ಇಷ್ಟಪಡೋರಿಗೆ ತಕ್ಷಣ ಹಿಡಿಸುತ್ತೆ.

ದೆಹಲಿ ಕಡೆಯವರಿಗೆ ‘ತಿಥಿ’. ರಾಮ್ ರೆಡ್ಡಿ ನಿರ್ದೇಶನ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೀತು. ಮಂಡ್ಯ ಸೀಮೆಯ ಹಳ್ಳಿ ಜನರೇ ಪಾತ್ರಧಾರಿಗಳು. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತಮೇಲೆ, ಜಮೀನು ಮಾರೋದಕ್ಕೆ ಮೊಮ್ಮಗ ಬದುಕಿರೋ ಅಪ್ಪನನ್ನೇ ಸತ್ತಿದ್ದಾನೆ ಅಂತ ತೋರಿಸಲು ಹೊರಡ್ತಾನೆ. ಹರಿಯಾಣವಾಗಲಿ, ಯುಪಿಯಾಗಲಿ, ಊರಲ್ಲಿ ಜಮೀನು ಇರೋರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಐದನೆಯದು ನಮಗೇ ಇರಲಿ: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಹೇಮಂತ್ ರಾವ್ ನಿರ್ದೇಶನ. ಮಗ ಮುಂಬೈನಲ್ಲಿ ಕೆಲಸದಲ್ಲಿದ್ದಾನೆ. ಅಪ್ಪನಿಗೆ ಆಲ್ಝೈಮರ್ಸ್, ಬೆಂಗಳೂರಿನಲ್ಲಿ ಆರೈಕೆ ಕೇಂದ್ರದಲ್ಲಿದ್ದಾರೆ. ಮಗ ಬಂದು ಹೊರಗೆ ಕರ್ಕೊಂಡು ಹೋದ ದಿನವೇ ಅವರು ಕಳೆದುಹೋಗ್ತಾರೆ. ‘ಕಾಣೆಯಾಗಿದ್ದಾರೆ’ ಪ್ರಕಟಣೆಯಲ್ಲಿ ಬರೆಯೋ ಮಾತೇ ಸಿನಿಮಾದ ಹೆಸರು. ಹುಡುಕ್ತಾ ಹೋದಂತೆ, ಅಪ್ಪನ ಬಗ್ಗೆ ತನಗೆ ಗೊತ್ತಿರೋದು ಎಷ್ಟು ಕಡಿಮೆ ಅಂತ ಮಗನಿಗೆ ಅರಿವಾಗುತ್ತೆ. ಊರು ಬಿಟ್ಟು ದುಡಿಯೋ ನಾವು ಇದನ್ನು ಬೇರೆಯವರ ಕಥೆ ಅಂತ ನೋಡೋಕೆ ಆಗಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ಇವತ್ತು ಮನೆಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತ ಕೇಳಿ ಇಟ್ಟುಬಿಡಬೇಡಿ. ‘ಅಪ್ಪಾ, ನಿಮಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು, ಯಾರ ಜೊತೆ ನೋಡಿದ್ರಿ’ ಅಂತ ಕೇಳಿ. ನಮ್ಮ ಹತ್ರ ಇಲ್ಲದಿರೋ ಪಟ್ಟಿ ಅದೊಂದೇ.