ಮಳೆಗೆ ಮೈಯೊಡ್ಡಿದ ಮಣ್ಣಿನ ದೇವರು

ನಡು ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ನರಾಗಲಿ, ಅವರ ನೆರೆಯ ಲ್ಯಾಟಿನ್ ಜನರಾಗಲಿ ಗುಡಿ ಕಟ್ಟಲು ಅಮೃತಶಿಲೆಯನ್ನು ನೆಚ್ಚಲಿಲ್ಲ. ತಳಪಾಯಕ್ಕೆ ಟೂಫಾ ಎಂಬ ಮೆದುವಾದ ಜ್ವಾಲಾಮುಖಿ ಕಲ್ಲು, ಗೋಡೆಗೆ ಹಸಿ ಇಟ್ಟಿಗೆ, ತೊಲೆ ಜಂತೆಗಳಿಗೆ ಮರ, ಕ್ರಿ.ಪೂ. 6ನೇ ಶತಮಾನದ ಗುಡಿಗಳು ಬಹುಪಾಲು ಹೀಗೆಯೇ ಎದ್ದವು. ಮಳೆ ಬಡಿದರೆ ಹಸಿ ಇಟ್ಟಿಗೆ ಕರಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಅದನ್ನು ತಡೆಯಲು ಹೊದಿಸಿದ ಸುಟ್ಟ ಮಣ್ಣೇ ಆ ಗುಡಿಗಳ ಅಲಂಕಾರವೂ ಆಯಿತು.

ಮಾಡಿಗೆ ಅಂಚು ಎತ್ತರಿಸಿದ ಚಪ್ಪಟೆ ಹೆಂಚುಗಳನ್ನು ಸಾಲಾಗಿ ಹಾಸಿ, ಅವು ಕೂಡುವ ಕಡೆ ನಮ್ಮ ನಾಡಹೆಂಚಿನಂಥ ಬಾಗಿದ ಹೆಂಚನ್ನು ಕವುಚುತ್ತಿದ್ದರು. ಸೂರಿನಲ್ಲಿ ಆ ಬಾಗಿದ ಹೆಂಚಿನ ಬಾಯಿ ತೆರೆದೇ ಉಳಿಯುತ್ತದೆ. ಅದನ್ನು ಮುಚ್ಚುವ ಬಿಲ್ಲೆಗೆ ಆಂಟಿಫಿಕ್ಸ್ ಎಂದು ಹೆಸರು. ಕುಂಬಾರರು ಅಚ್ಚಿನಲ್ಲಿ ಒತ್ತಿ ಅದಕ್ಕೆ ಹೆಣ್ಣಿನ ಮೊಗ, ನಾಲಗೆ ಚಾಚಿದ ರಕ್ಕಸಿ ಗೋರ್ಗನ್, ಗಡ್ಡದ ವನದೇವ ಸ್ಯಾಟಿರ್ ರೂಪ ಕೊಟ್ಟು ಕೆಂಪು, ಕಪ್ಪು, ಬಿಳಿ ಬಣ್ಣ ಹಚ್ಚುತ್ತಿದ್ದರು. ತೊಲೆಗಳ ಮೇಲೆ ಹೊಡೆದ ಚಿತ್ತಾರದ ಫಲಕಗಳಲ್ಲಿ ಮೊಳೆಯ ತೂತುಗಳು ಇಂದಿಗೂ ಕಾಣುತ್ತವೆ.

ಈ ಕಲೆ ತನ್ನ ಎತ್ತರ ಮುಟ್ಟಿದ್ದು ರೋಮ್‌ನ ಸಮೀಪದ ಎಟ್ರುಸ್ಕನ್ ನಗರ ವೇಯಿಯಲ್ಲಿ. ಅಲ್ಲಿನ ಪೋರ್ಟೊನಾಚೊ ಗುಡಿಯ ನೆತ್ತಿಯ ತೊಲೆಯ ಮೇಲೆ, ನೆಲದಿಂದ ಸುಮಾರು 12 ಮೀಟರ್ ಎತ್ತರದಲ್ಲಿ, ಆಳೆತ್ತರದ ದೇವರುಗಳು ಸಾಲಾಗಿ ನಿಂತಿದ್ದರು. ಕ್ರಿ.ಪೂ. 510ರ ಆಸುಪಾಸಿನ ಅಪೊಲೊ ಅವರಲ್ಲೊಬ್ಬ. ಜಿಂಕೆಯೊಂದಕ್ಕಾಗಿ ವೀರ ಹೆರಾಕ್ಲಿಸ್‌ನೊಡನೆ ಜಗಳಕ್ಕಿಳಿದ ದೇವರು ಅವನು. ಮುಗುಳ್ನಗುತ್ತಲೇ ದಾಪುಗಾಲಿಟ್ಟು ಮುನ್ನುಗ್ಗುತ್ತಾನೆ. ಇಷ್ಟು ದೊಡ್ಡ ಮೂರ್ತಿಯನ್ನು ಸೀಳದಂತೆ ಸುಡುವುದು ಸಾಮಾನ್ಯ ಕೆಲಸವಲ್ಲ. ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಅದಕ್ಕೇ ಮಣ್ಣಿಗೆ ತರಿಗಲ್ಲು ಬೆರೆಸಿ, ಒಳಗೆ ಟೊಳ್ಳು ಬಿಟ್ಟು ಮೂರ್ತಿ ಮಾಡಿದರು. ಭಾರ ಹೊರಲು ಕಾಲುಗಳ ನಡುವೆ ನಿಲ್ಲಿಸಿದ ಊರೆಯನ್ನೂ ಬರಿದೇ ಬಿಡದೆ ಸುರುಳಿ ಚಿತ್ತಾರದಿಂದ ತುಂಬಿದರು.

ಎಟ್ರುಸ್ಕನ್ನರದೇ ಆದ ಕಯ್ರೆ ನಗರದ ಬಂದರು ಪಿರ್ಗಿಯಲ್ಲಿ ಸುಟ್ಟ ಮಣ್ಣು ಘೋರ ಕಥೆ ಹೇಳುತ್ತದೆ. ಕ್ರಿ.ಪೂ. 460ರ ಸುಮಾರಿನ ಫಲಕವೊಂದು ಗುಡಿಯ ಹಿಂಬದಿಯ ತೊಲೆತುದಿಯನ್ನು ಮುಚ್ಚಿತ್ತು. ಅದರಲ್ಲಿ, ಗ್ರೀಕ್ ಪುರಾಣದ ಥೀಬ್ಸ್ ಯುದ್ಧದಲ್ಲಿ ಸಾಯುತ್ತಿರುವ ವೀರ ಟಿಡಿಯಸ್ ವೈರಿಯ ಮಿದುಳಿಗೆ ಬಾಯಿ ಹಾಕಿದ್ದಾನೆ. ಅವನನ್ನು ಅಮರನಾಗಿಸಲು ಮದ್ದು ತಂದ ದೇವತೆ ಅಥೀನಾ ಹೇಸಿ ಹಿಂಜರಿಯುತ್ತಾಳೆ. ಒಂದೇ ಫಲಕದಲ್ಲಿ ಅಷ್ಟೊಂದು ಮೈಗಳನ್ನು ಹೆಣೆದ ಕೈಚಳಕ ಬೆರಗು ಹುಟ್ಟಿಸುತ್ತದೆ.

ಲ್ಯಾಟಿನ್ ಊರುಗಳೂ ಇದೇ ಹಾದಿ ಹಿಡಿದವು. ಸಾಟ್ರಿಕಮ್‌ನ ಮಾತೆರ್ ಮಾತೂತಾ ದೇವಿಯ ಗುಡಿಯ ಸೂರಿನಲ್ಲಿ ಸ್ಯಾಟಿರ್ ಮತ್ತು ಮದ್ಯದೇವನ ಭಕ್ತೆ ಮೇನಡ್ ಜೋಡಿಗಳು ಕುಣಿದವು. ಲನೂವಿಯಮ್‌ನಲ್ಲಿ ಆಡಿನ ತೊಗಲು ಹೊದ್ದ ಜೂನೋ ಸೋಸ್ಪಿಟಾಳ ಮುಖ ಸೂರಿಗೇರಿತು. ರೋಮ್‌ನ ಕ್ಯಾಪಿಟೋಲ್ ಬೆಟ್ಟದ ಗುಡಿಗೆ ಜ್ಯೂಪಿಟರನ ಮಣ್ಣಿನ ವಿಗ್ರಹ ಮಾಡಲು ವೇಯಿಯ ಶಿಲ್ಪಿ ವುಲ್ಕಾನನ್ನು ಕರೆಸಿದರೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅದೇ ಗುಡಿಯ ನೆತ್ತಿಗೆಂದು ಮಾಡಿದ ನಾಲ್ಕು ಕುದುರೆಯ ರಥ ಆವಿಗೆಯಲ್ಲಿ ಕುಗ್ಗುವ ಬದಲು ಉಬ್ಬಿತಂತೆ, ಹೊರತೆಗೆಯಲು ಆವಿಗೆಯನ್ನೇ ಒಡೆಯಬೇಕಾಯಿತಂತೆ. ರೋಮನ್ನರಿಗೆ ಅದು ತಮ್ಮ ಏಳಿಗೆಯ ಶಕುನ. ಕ್ರಿ.ಪೂ. 296ರಲ್ಲಿ ಆ ಜಾಗಕ್ಕೆ ಕಂಚಿನ ರಥ ಬಂತು.

ಗ್ರೀಸ್‌ನ ಸಿರಿ ಕಂಡ ಮೇಲೆ ಮಣ್ಣಿನ ಮರ್ಯಾದೆ ಇಳಿಯಿತು. ಸೂರಿನ ಮಣ್ಣಿನ ದೇವರನ್ನು ನೋಡಿ ಜನ ನಗುತ್ತಿದ್ದಾರೆ ಎಂದು ಕ್ರಿ.ಪೂ. 195ರಲ್ಲಿ ರೋಮ್‌ನ ರಾಜಕಾರಣಿ ಕೇಟೋ ನೊಂದು ನುಡಿದದ್ದನ್ನು ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಒಡೆದ ಫಲಕ, ಮೂರ್ತಿಗಳನ್ನು ಎಷ್ಟೋ ಕಡೆ ಗುಡಿಯ ಆವರಣದಲ್ಲೇ ಹೂಳುತ್ತಿದ್ದರು. ಮರ ಮಣ್ಣಾಯಿತು, ಸುಟ್ಟ ಮಣ್ಣು ಉಳಿಯಿತು. 1916ರಲ್ಲಿ ವೇಯಿಯ ನೆಲದಿಂದ ಹೊರಬಂದ ಅಪೊಲೊ ಈಗ ರೋಮ್‌ನ ವಿಲ್ಲಾ ಜೂಲಿಯಾ ಸಂಗ್ರಹಾಲಯದಲ್ಲಿದ್ದಾನೆ. ಅವನ ಮೈಯ ಕೆಂಗಂದು ಬಣ್ಣ ಪೂರ್ತಿ ಮಾಸಿಲ್ಲ.