ಸಹಿ ಇಲ್ಲದ ಬೀಟಾ ತಂತ್ರಾಂಶ ಹಾಕಿಕೊಳ್ಳಬಹುದೇ?

ಪ್ರಶ್ನೆ: ಕನ್ನಡ ಟೈಪಿಂಗ್ ತಂತ್ರಾಂಶವೊಂದರ ಬೀಟಾ ಆವೃತ್ತಿ ಹಾಕಿಕೊಳ್ಳಲು ಹೋದರೆ ವಿಂಡೋಸ್ ಎಚ್ಚರಿಕೆ ತೋರಿಸಿ ತಡೆಯುತ್ತದೆ. ಅದರಲ್ಲಿ ವೈರಸ್ ಇದೆಯೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಎಚ್ಚರಿಕೆ ಬಂದ ಮಾತ್ರಕ್ಕೆ ವೈರಸ್ ಇದೆ ಎಂದಲ್ಲ. ತಯಾರಕರು ಯಾರೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿ ಇಲ್ಲದ, ಹೆಚ್ಚು ಜನ ಬಳಸಿರದ ಫೈಲುಗಳನ್ನು ವಿಂಡೋಸಿನ ಸ್ಮಾರ್ಟ್‌ಸ್ಕ್ರೀನ್ ತಡೆಯುತ್ತದೆ. ಸಹಿಯ ಪ್ರಮಾಣಪತ್ರಕ್ಕೆ ಹಣ ಕಟ್ಟಬೇಕಾದ್ದರಿಂದ ಸಣ್ಣ ತಂಡಗಳು ಪರೀಕ್ಷಾ ಆವೃತ್ತಿಗಳನ್ನು ಸಹಿಯಿಲ್ಲದೆ ಬಿಡುವುದುಂಟು. ಸಹಿ ಇದ್ದದ್ದೆಲ್ಲ ಸುರಕ್ಷಿತವೂ ಅಲ್ಲ: 2017ರಲ್ಲಿ ಸಹಿ ಸಮೇತ ಬಂದ ಸಿಕ್ಲೀನರ್ ಎಂಬ ಕಂಪ್ಯೂಟರ್ ಶುಚಿಗೊಳಿಸುವ ತಂತ್ರಾಂಶದ ಆವೃತ್ತಿಯಲ್ಲೇ ಕಳ್ಳ ಕೋಡ್ ಸೇರಿತ್ತು.

ಫೈಲನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಬೇಡ. ಅವರು ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಕೊಟ್ಟಿದ್ದರೆ, ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆಜ್ಞೆ ತೋರಿಸುವ 64 ಅಕ್ಷರಗಳೊಂದಿಗೆ ಹೋಲಿಸಿ. ಒಂದಕ್ಷರ ಬೇರೆಯಾದರೂ ಫೈಲ್ ಅಳಿಸಿಬಿಡಿ. ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ವಿಂಡೋಸ್ ಪ್ರೊ ಇದ್ದರೆ ಸ್ಯಾಂಡ್‌ಬಾಕ್ಸ್‌ನಲ್ಲಿ, ಹೋಮ್ ಇದ್ದರೆ ವರ್ಚುವಲ್‌ಬಾಕ್ಸ್‌ನಲ್ಲಿ (ಉಳಿದ ಕಂಪ್ಯೂಟರಿನಿಂದ ಪ್ರತ್ಯೇಕವಾದ ಜಾಗದಲ್ಲಿ) ಮೊದಲು ಪರೀಕ್ಷಿಸಿ. ಆಂಟಿವೈರಸ್ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಆ ತಂತ್ರಾಂಶವನ್ನು ಅಲ್ಲಿಗೇ ಕೈಬಿಡಿ.

ಟೈಪಿಂಗ್ ತಂತ್ರಾಂಶದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನೀವು ಒತ್ತುವ ಪ್ರತಿ ಕೀಲಿಯನ್ನೂ, ಬ್ಯಾಂಕಿನ ಪಾಸ್‌ವರ್ಡನ್ನು ಕೂಡ, ಅದು ಓದಬಲ್ಲದು. ಹಣದ ವ್ಯವಹಾರ ಮಾಡುವ ಕಂಪ್ಯೂಟರಿಗೆ ಬೀಟಾ ಹಾಕಲೇಬೇಡಿ. ಹಳೆಯದೊಂದು ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಧೈರ್ಯವಾಗಿ ಬಳಸಿ, ಕಂಡ ದೋಷಗಳನ್ನು ತಯಾರಕರಿಗೆ ಬರೆಯಿರಿ. ಕನ್ನಡದ ತಂತ್ರಾಂಶಗಳು ಸುಧಾರಿಸಲು ಅಂಥ ಬಳಕೆದಾರರು ಬೇಕು.