ನಿಮಗಿದು ಗೊತ್ತೆ? ಅಳತೆ ನೋಡಿ ಕೊಳ್ಳುವ ಕುರ್ಚಿ

ಇಂದು ಕಂಪ್ಯೂಟರ್ ಮುಂದೆ ಎಲ್ಲೆಲ್ಲೂ ಕಾಣುವ ಜಾಲರಿ ಕುರ್ಚಿಗಳು ಜನಪ್ರಿಯವಾದದ್ದು ‘ಏರಾನ್’ ಎಂಬ ಕುರ್ಚಿಯಿಂದ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ 1994ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ವಿನ್ಯಾಸಕಾರರು ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್. ಇವರಿಬ್ಬರೂ ಅದಕ್ಕೂ ಮೊದಲು ವಯಸ್ಸಾದವರಿಗೆಂದು ರೂಪಿಸಿದ್ದ, ಮಾರಾಟಕ್ಕೇ ಬಾರದ ಕುರ್ಚಿಯೊಂದರಲ್ಲಿ ಇದರ ಬೇರಿದೆ! ಸ್ಪಂಜಿಲ್ಲ, ಚರ್ಮದ ಹೊದಿಕೆಯಿಲ್ಲ. ಬಿಗಿದ ಜಾಲರಿಯಲ್ಲಿ ಗಾಳಿಯಾಡುವುದರಿಂದ ಬೆನ್ನು ಅಷ್ಟಾಗಿ ಬೆವರದು. ಚಪ್ಪಲಿಗಿರುವಂತೆ ಇದಕ್ಕೂ ಅಳತೆಗಳಿವೆ: ಎ, ಬಿ, ಸಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇದಕ್ಕೆ ಜಾಗ ಸಿಕ್ಕಿದೆ. (ಬೆಲೆ ಮಾತ್ರ ಕೇಳಬೇಡಿ!) ನೀವು ಯಾವ ಕುರ್ಚಿ ಕೊಂಡರೂ ಮೊದಲು ಕೂತು ನೋಡಿ: ಪಾದ ಪೂರ್ತಿ ನೆಲಕ್ಕೆ ಊರಬೇಕು, ಮೌಸ್ ಹಿಡಿದಾಗ ಹೆಗಲು ಮೇಲೇಳಬಾರದು.